ಕರ್ನಾಟಕ ‘ಕನಾರ್ಟಕ’ ಆದದ್ದು ಹೇಗೆ?

(ಆಲ್ದೂರಿನಲ್ಲಿ ರಾಜ್ಯೋತ್ಸವದ ಸಂದರ್ಭ ಯುವಜನರ ಮುಂದೆ ಇಲ್ಲಿನ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ. ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಓದುಗರು ತಪ್ಪದೆ ಓದಬೇಕು. — ಸಂ.)



ನಿಮ್ಮ ಕೈಯಲ್ಲಿ ಫೋನ್ ಇದೆ. ಅದರಲ್ಲಿ ‘ಕನಾರ್ಟಕ’ ಎಂದು ಹುಡುಕಿ ನೋಡಿ. ಸುದ್ದಿ ಸಿಗುತ್ತದೆ, ಸುತ್ತೋಲೆ ಸಿಗುತ್ತದೆ, ಆಹ್ವಾನ ಪತ್ರಿಕೆ ಸಿಗುತ್ತದೆ. ‘ಕನಾರ್ಟಕ ಸಕಾರ್ರ’ ಎಂದು ಬರೆದದ್ದೂ ಕಣ್ಣಿಗೆ ಬೀಳುತ್ತದೆ. ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗಿದೆ. ‘ಧರ್ಮ’ ಹೋಗಿ ‘ಧಮರ್’ ಆಗಿದೆ. ನೀವು ನಗುತ್ತೀರಿ. ಯಾರೋ ಓದು ಬರಹ ಬಾರದವನು ಬೆರಳಚ್ಚು ಮಾಡಿದ್ದಾನೆ ಎಂದು ಮುಂದೆ ಹೋಗುತ್ತೀರಿ.

ಅಲ್ಲ! ಬೆರಳಚ್ಚು ಮಾಡಿದವನು ಸರಿಯಾಗಿಯೇ ಹೊಡೆದಿದ್ದಾನೆ. ಕೆಡಿಸಿದ್ದು ಯಂತ್ರ. ಯಂತ್ರಕ್ಕೆ ಒಂದು ನಿಯಮ ಹೇಳಿಕೊಡುವವರು ಇಲ್ಲದೆ ಹೋದದ್ದರಿಂದ ಅದು ಕೆಟ್ಟಿತು.

೧೯೫೬ರ ನವೆಂಬರ್ ೧ರಂದು ನಾವು ಒಂದಾದೆವು. ಆದರೂ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಕರ್ನಾಟಕ ಎಂಬ ಹೆಸರು ಬರಲು ೧೯೭೩ರ ನವೆಂಬರ್ ೧ರ ತನಕ ಕಾಯಬೇಕಾಯಿತು. ಹದಿನೇಳು ವರ್ಷ ಹೋರಾಡಿ ಪಡೆದ ಹೆಸರನ್ನು ಒಂದು ಕೆಟ್ಟ ಪ್ರೋಗ್ರಾಮು ಕಣ್ಣು ಮಿಟುಕಿಸುವುದರೊಳಗೆ ಮುರಿದು ಹಾಕುತ್ತದೆ. ಈ ಸಲ ದೆಹಲಿಯನ್ನು ಬಯ್ದು ಪ್ರಯೋಜನವಿಲ್ಲ. ಈ ಕೆಲಸ ನಮ್ಮದೇ. ಅದರಲ್ಲೂ, ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಮು ಬರೆಯುವ ನಿಮ್ಮದು.

ನಾನು ಓದಿದ್ದು ಪಿಯುಸಿ. ನಿಮಗೆ ಕಂಪ್ಯೂಟರ್ ಪಾಠ ಹೇಳುವಷ್ಟು ದೊಡ್ಡವನಲ್ಲ. ಆದರೆ ಅಕ್ಷರ ಜೋಡಿಸುವುದು ನನ್ನ ಕಸುಬು. ಅಕ್ಷರ ಎಲ್ಲಿ ಮುರಿಯುತ್ತದೆ ಎಂಬುದು ಕಸುಬಿನವನಿಗೆ ಗೊತ್ತು. ಅದನ್ನಷ್ಟೇ ಹೇಳುತ್ತೇನೆ.

ಕಣ್ಣಿನ ಕ್ರಮ, ಕಿವಿಯ ಕ್ರಮ

‘ಕರ್ನಾಟಕ’ ಎಂದು ಬಾಯಲ್ಲಿ ಹೇಳಿ. ಮೊದಲು ಕ, ಆಮೇಲೆ ರ್, ಆಮೇಲೆ ನಾ. ಈಗ ಬರೆದು ನೋಡಿ. ಮೊದಲು ಕ, ಆಮೇಲೆ ನಾ, ಅದರ ಬಲಗಡೆ ಅರ್ಕಾವತ್ತು. ಕಿವಿಗೆ ಮೊದಲು ಬರುವ ರ್ ಕಣ್ಣಿಗೆ ಆಮೇಲೆ ಬರುತ್ತದೆ. ಕನ್ನಡ ಬರೆಯುವವರಿಗೆ ಇದು ಕಷ್ಟವೇ ಅಲ್ಲ, ಒಂದನೇ ಕ್ಲಾಸಿನ ಮಗುವೂ ಬರೆಯುತ್ತದೆ.

ಸೀಸದ ಅಚ್ಚುಮೊಳೆಯ ಕಾಲದಲ್ಲಿ ಕಂಪೋಸಿಟರ್ ಕಣ್ಣಿನ ಕ್ರಮದಲ್ಲಿ ಜೋಡಿಸುತ್ತಿದ್ದ. ಕ ಇಟ್ಟ, ನಾ ಇಟ್ಟ, ಅರ್ಕಾವತ್ತು ಇಟ್ಟ. ಕಂಪ್ಯೂಟರ್ ಬಂದ ಮೇಲೂ ಹಾಗೆಯೇ ನಡೆಯಿತು. ನುಡಿ, ಬರಹ, ಶ್ರೀಲಿಪಿ ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಇಂಗ್ಲಿಷಿನ ದೊಡ್ಡ ‘ಪಿ’ ಇರುವಲ್ಲಿ ತಲೆಕಟ್ಟಿಲ್ಲದ ಕ. ತಲೆಕಟ್ಟಿಗೆ ಬೇರೆ ಜಾಗ, ಕೊಂಬಿಗೆ ಬೇರೆ ಜಾಗ, ಅರ್ಕಾವತ್ತಿಗೆ ಬೇರೆ ಜಾಗ. ತೆರೆಯ ಮೇಲೆ ಕನ್ನಡ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷಿನ ಗುಪ್ಪೆ! ಇದನ್ನು ನಾವು ಪ್ರೆಸ್ಸಿನವರು ‘ಆಸ್ಕಿ’ ಎನ್ನುತ್ತೇವೆ.

ಯೂನಿಕೋಡ್ ಬೇರೆ ದಾರಿ ಹಿಡಿಯಿತು. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿ ಸಿಕ್ಕಿತು. ಅಲ್ಲಿ ಕ ಎಂದರೆ ಕ, ತುಂಡಲ್ಲ. ಅಕ್ಷರಗಳು ಕೂರುವುದು ಕಿವಿಯ ಕ್ರಮದಲ್ಲಿ: ಕ, ರ, ವಿರಾಮ, ನ, ದೀರ್ಘ. ಅದನ್ನು ಕಣ್ಣಿನ ಕ್ರಮಕ್ಕೆ ತಿರುಗಿಸಿ ಅರ್ಕಾವತ್ತು ಹಾಕುವುದು ಫಾಂಟಿನ ಹೊಣೆ.

ಈಗ ಹಳೆಯ ಕಡತವನ್ನು ಹೊಸದಕ್ಕೆ ತರಬೇಕು. ಅರಿಯದವನು ಏನು ಮಾಡುತ್ತಾನೆ? ಒಂದೊಂದು ತುಂಡನ್ನೂ ಇದ್ದಲ್ಲಿಯೇ ಬದಲಿಸುತ್ತಾನೆ. ಕ ಇದ್ದಲ್ಲಿ ಕ, ನಾ ಇದ್ದಲ್ಲಿ ನಾ, ಅರ್ಕಾವತ್ತು ಇದ್ದಲ್ಲಿ ರ್. ಆಯಿತು ನೋಡಿ, ‘ಕನಾರ್ಟಕ’!

ಮೂರು ಸಾಲಿನಲ್ಲಿ ಪರಿಹಾರ

ಇದಕ್ಕೆ ಬೇಕಾದ ನಿಯಮವನ್ನು ಕನ್ನಡದಲ್ಲೇ ಹೇಳುತ್ತೇನೆ:

ಮುಂದೆ ಇರುವುದು ‘ಅಕ್ಷರ, ಅದರ ಹಿಂದೆಯೇ ಅರ್ಕಾವತ್ತು’ ಆದರೆ — ಮೊದಲು ರ್, ಆಮೇಲೆ ಆ ಅಕ್ಷರ.
ಮುಂದೆ ಇರುವುದು ಬರೀ ಅಕ್ಷರ ಆದರೆ — ಅದೇ ಅಕ್ಷರ.
ಮುಂದೆ ಏನೂ ಇಲ್ಲವಾದರೆ — ಕೆಲಸ ಮುಗಿಯಿತು.

ನಿಮ್ಮಲ್ಲಿ ಕೆಲವರು ಈಗ ಕಣ್ಣರಳಿಸಿದಿರಿ. ಹೌದು, ಫಂಕ್ಷನಲ್ ಭಾಷೆಗಳಲ್ಲಿ ನೀವು ‘ಪ್ಯಾಟರ್ನ್ ಮ್ಯಾಚಿಂಗ್’ ಎನ್ನುವುದು ಇದನ್ನೇ. ಬಂದದ್ದರ ಆಕಾರ ನೋಡು, ಆಕಾರಕ್ಕೆ ತಕ್ಕ ಸಾಲು ಹಿಡಿ, ಆ ಸಾಲು ಹೇಳಿದ ಬೆಲೆ ಕೊಡು. ಮಾದರಿಗೆ ಹೊಂದಿಸುವುದು, ಅಷ್ಟೇ.

ಇಲ್ಲಿ ‘ಅಕ್ಷರ’ ಎಂದರೆ ಏನು ಎಂಬುದನ್ನೂ ಸರಿಯಾಗಿ ಹೇಳಬೇಕು. ‘ಅರ್ಘ್ಯ’ ಎಂಬ ಮಾತು ತೆಗೆದುಕೊಳ್ಳಿ. ಹಳೆಯ ಕಡತದಲ್ಲಿ ಅದು ಅ, ಘ, ಯ ಒತ್ತು, ಅರ್ಕಾವತ್ತು. ಅರ್ಕಾವತ್ತನ್ನು ಒಂದೇ ಮನೆ ಹಿಂದಕ್ಕೆ ತಳ್ಳಿದರೆ ‘ಅಘ್ರ್ಯ’ ಆಗುತ್ತದೆ. ಒತ್ತು ಸಮೇತ ಇಡೀ ಘ್ಯ ದಾಟಿಸಬೇಕು. ಆದ್ದರಿಂದ ಹೀಗೆ ಹೇಳಬೇಕು: ಗುಚ್ಛ ಎಂದರೆ ಒಂದು ವ್ಯಂಜನ, ಇಲ್ಲವೇ ಒಂದು ವ್ಯಂಜನ ಮತ್ತು ಅದಕ್ಕೆ ತಗುಲಿದ ಇನ್ನೊಂದು ಗುಚ್ಛ. ಗುಚ್ಛದ ಅರ್ಥದೊಳಗೇ ಗುಚ್ಛ ಬಂತು. ಎಷ್ಟು ಒತ್ತು ಬಂದರೂ ಈ ಒಂದೇ ಮಾತು ಸಾಕು.

ಕಾಫಿ ಜರಡಿಯ ಪಾಠ

ಸಾಲುಗಳ ಕ್ರಮ ತಪ್ಪಿದರೆ ಎಲ್ಲ ಕೆಟ್ಟಿತು. ಇದನ್ನು ತಿಳಿಯಲು ಕಾಲೇಜು ಬೇಡ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ನೋಡಿದರೆ ಸಾಕು. ಬೀಜ ವಿಂಗಡಿಸುವಾಗ ದೊಡ್ಡ ಕಣ್ಣಿನ ಜರಡಿ ಮೇಲೆ, ಸಣ್ಣ ಕಣ್ಣಿನದು ಕೆಳಗೆ. ದಪ್ಪ ಬೀಜ ಮೇಲೆ ನಿಲ್ಲುತ್ತದೆ, ಉಳಿದದ್ದು ಕೆಳಗಿಳಿಯುತ್ತದೆ. ಯಾರಾದರೂ ಸಣ್ಣ ಕಣ್ಣಿನ ಜರಡಿಯನ್ನು ಮೇಲಿಟ್ಟರೆ? ಎಲ್ಲ ಬೀಜವೂ ಅಲ್ಲೇ ನಿಲ್ಲುತ್ತದೆ. ಕೆಳಗಿನ ಜರಡಿ ಇದ್ದೂ ಇಲ್ಲದ ಹಾಗೆ.

ನುಡಿಯ ಹಳೆಯ ಫಾಂಟಿನಲ್ಲಿ ಮ ಎಂಬ ಅಕ್ಷರ ಮೂರು ತುಂಡು: ವ-ದ ಒಡಲು, ತಲೆಕಟ್ಟು, ಕೊಂಬು. ವ ಎಂಬುದು ಅದರಲ್ಲಿ ಮೊದಲ ಎರಡೇ ತುಂಡು. ‘ವು’ ಬರೆಯಲು ಅಲ್ಲಿ ಬೇರೆ ಆಕಾರದ ಕೊಂಬೇ ಇದೆ. ವ-ದ ಸಾಲನ್ನು ಮೇಲೆ ಬರೆದರೆ ಯಂತ್ರ ಮೊದಲ ಎರಡು ತುಂಡು ನೋಡಿ ‘ವ ಸಿಕ್ಕಿತು’ ಎಂದು ಹಿಡಿದುಬಿಡುತ್ತದೆ. ಉಳಿದ ಕೊಂಬನ್ನು ಅದಕ್ಕೇ ಅಂಟಿಸುತ್ತದೆ. ‘ಮಳೆ’ ಹೋಗಿ ‘ವುಳೆ’. ‘ಮನೆ’ ಹೋಗಿ ‘ವುನೆ’. ಯ-ದ ಕಥೆಯೂ ಅಷ್ಟೇ. ಅದರ ಮೊದಲ ತುಂಡಿಗೂ ಸೊನ್ನೆಗೂ ಒಂದೇ ಸಂಕೇತ. ಸೊನ್ನೆಯ ಸಾಲು ಮೇಲಿದ್ದರೆ ಕನ್ನಡದಲ್ಲಿ ಯ ಎಂಬ ಅಕ್ಷರವೇ ಉಳಿಯುವುದಿಲ್ಲ.

ಆದ್ದರಿಂದ ಉದ್ದನೆಯ ಮಾದರಿ ಮೇಲೆ, ಚಿಕ್ಕದು ಕೆಳಗೆ. ವಿಶೇಷ ಮೇಲೆ, ಸಾಮಾನ್ಯ ಕೆಳಗೆ. ಇದೊಂದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಆದರೆ’ ಎಂಬ ಮಾತಿನ ಬೆಲೆ

ಪರದೇಶದವರು ಇದಕ್ಕೆ ಹೇಗೆ ಬಂದರು ಎಂಬುದನ್ನೂ ತಿಳಿಯೋಣ. ಬೇರೆಯವರ ಒಳ್ಳೆಯದನ್ನು ಒಪ್ಪಿಕೊಂಡರೆ ಕನ್ನಡ ಸಣ್ಣದಾಗುವುದಿಲ್ಲ.

೧೯೫೭ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ‘ಆದರೆ’ ಎಂದರೆ ಬರೀ ನೆಗೆತ. ಲೆಕ್ಕ ಸೊನ್ನೆಗಿಂತ ಕಡಿಮೆ ಬಂದರೆ ಆ ಸಾಲಿಗೆ ಹಾರು, ಸೊನ್ನೆಯಾದರೆ ಈ ಸಾಲಿಗೆ, ಹೆಚ್ಚಾದರೆ ಮತ್ತೊಂದಕ್ಕೆ. ಅಮೆರಿಕದ ಜಾನ್ ಮೆಕಾರ್ಥಿ ೧೯೫೮ರಿಂದ ಲಿಸ್ಪ್ ಭಾಷೆ ಕಟ್ಟಿದಾಗ ‘ಆದರೆ’ಗೂ ಒಂದು ಬೆಲೆ ಇರಬೇಕು ಎಂದ. ‘ಮಳೆ ಬಂದರೆ ಕೊಡೆ, ಇಲ್ಲದಿದ್ದರೆ ಟೋಪಿ’ ಎಂದರೆ ಎಲ್ಲಿಗೋ ಹಾರುವ ಆಜ್ಞೆಯಲ್ಲ, ಕೈಗೆ ಬರುವ ವಸ್ತು. ಕೊಡೆ ಬರುತ್ತದೆ, ಇಲ್ಲವೇ ಟೋಪಿ ಬರುತ್ತದೆ. ಬರಿಗೈ ಇಲ್ಲ! ಆಮೇಲೆ ಎಡಿನ್‌ಬರೋದಲ್ಲಿ ರಾಡ್ ಬರ್ಸ್ಟಾಲ್, ರಾಬಿನ್ ಮಿಲ್ನರ್ ಮುಂತಾದವರು ಕೆಲಸ ಮಾಡಿದರು. ಮಿಲ್ನರ್ ಅವರ ಎಂ.ಎಲ್. ಭಾಷೆ ೧೯೭೦ರ ದಶಕದ್ದು. ಬರ್ಸ್ಟಾಲ್ ಬಳಗದ ಹೋಪ್ ಭಾಷೆ ೧೯೮೦ರದ್ದು. ೧೯೯೦ರಲ್ಲಿ ಹ್ಯಾಸ್ಕೆಲ್, ೧೯೯೬ರಲ್ಲಿ ಓಕ್ಯಾಮಲ್. ಇಂದು ರಸ್ಟ್‌ನಲ್ಲಿ ಈ ವಿದ್ಯೆ ಇದೆ, ೨೦೨೧ರಿಂದ ಪೈಥಾನ್‌ನಲ್ಲೂ ಇದೆ. ನಿಮ್ಮ ಕಂಪನಿಗಳಲ್ಲಿ ಅನ್ನ ಹಾಕುತ್ತಿರುವ ವಿದ್ಯೆ ಇದು.

ಕೇಶಿರಾಜನ ಮನೆಯ ಮಕ್ಕಳು ನಾವು

ಈಗ ‘ಸಿರಿಗನ್ನಡ’ ಎಂಬ ಮಾತು ನೋಡಿ. ಸಿರಿ, ಕನ್ನಡ. ಕೂಡಿದರೆ ಕ ಹೋಗಿ ಗ ಬಂತು. ಮಳೆ, ಕಾಲ: ಮಳೆಗಾಲ. ಬೆಟ್ಟ, ತಾವರೆ: ಬೆಟ್ಟದಾವರೆ. ಶಾಲೆಯಲ್ಲಿ ಆದೇಶ ಸಂಧಿ ಎಂದು ಕಲಿತಿರಿ, ಪರೀಕ್ಷೆ ಮುಗಿದ ಮೇಲೆ ಮರೆತಿರಿ. ಅದನ್ನೇ ಫಂಕ್ಷನಲ್ ಭಾಷೆಯ ಧಾಟಿಯಲ್ಲಿ ಬರೆದರೆ:

ಆದೇಶ ಕ = ಗ
ಆದೇಶ ತ = ದ
ಆದೇಶ ಪ = ಬ
ಆದೇಶ ಬೇರೆ = ಅದೇ

ನಾಲ್ಕೇ ಸಾಲು. ಆದರೆ ಎಲ್ಲೆಲ್ಲೂ ಹೀಗೆ ಆಗುವುದಿಲ್ಲ. ಹೂ, ತೋಟ ಕೂಡಿದರೆ ಹೂದೋಟ. ಕಾಫಿ, ತೋಟ ಕೂಡಿದರೆ? ಈ ಊರಿನಲ್ಲಿ ಯಾರಾದರೂ ‘ಕಾಫಿದೋಟ’ ಎಂದದ್ದು ಕೇಳಿದ್ದೀರಾ? ಕಾಫಿತೋಟ! ಹೊರಗಿನಿಂದ ಬಂದ ಪದದ ಮುಂದೆ ಸಂಧಿಗೆ ಕಾವಲಿದೆ. ಮಾದರಿಯ ಪಕ್ಕದಲ್ಲಿ ಒಂದು ‘ಆದರೆ’ಯನ್ನು ಕಾವಲಿಗೆ ನಿಲ್ಲಿಸುತ್ತೀರಲ್ಲ, ಅದೇ ಇದು.

ಇನ್ನೊಂದು ನೋಡಿ. ಉಕಾರದಲ್ಲಿ ಮುಗಿಯುವ ನಾಮಪದಕ್ಕೆ ‘ಅನ್ನು’ ಸೇರಿಸಬೇಕು:

೧. ಸಂಸ್ಕೃತದಿಂದ ಬಂದ ಪದವಾದರೆ — ನಡುವೆ ವ ತಾ: ವಸ್ತುವನ್ನು.
೨. ಎರಡೇ ಅಕ್ಷರದ ಪದ, ಮೊದಲನೆಯದು ಹ್ರಸ್ವ, ಎರಡನೆಯದಕ್ಕೆ ಒತ್ತಿಲ್ಲ ಎಂದಾದರೆ — ವ ತಾ: ಹಸುವನ್ನು, ಕರುವನ್ನು.
೩. ಉಳಿದದ್ದಾದರೆ — ಉ ಬಿಡು: ಹಾಲನ್ನು, ಕಣ್ಣನ್ನು, ಆಲ್ದೂರನ್ನು.

ಮೂರನೆಯ ಸಾಲನ್ನು ಎಲ್ಲಕ್ಕಿಂತ ಮೇಲಿಡಿ. ‘ಹಸನ್ನು’, ‘ಕರನ್ನು’, ‘ವಸ್ತನ್ನು’ ಬರುತ್ತದೆ. ಜರಡಿ ತಲೆಕೆಳಗಾಯಿತು! ಹಾಲು ಕರೆಯುವ ನಮ್ಮ ಅಜ್ಜಿ ಈ ಮೂರೂ ಸಾಲನ್ನು ಸರಿಯಾದ ಕ್ರಮದಲ್ಲಿಯೇ ಬಳಸುತ್ತಾಳೆ, ದಿನಕ್ಕೆ ನೂರು ಸಲ, ತಪ್ಪದೆ.

ಸುಮಾರು ೧೨೬೦ರ ಹೊತ್ತಿಗೆ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಯಾವ ಅಕ್ಷರದ ಮುಂದೆ ಯಾವುದು ಬಂದರೆ ಏನಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಕಂದಪದ್ಯದ ಸೂತ್ರಗಳಲ್ಲಿ ಹಾಕಿಕೊಟ್ಟ. ೧೬೦೪ರಲ್ಲಿ ಭಟ್ಟಾಕಳಂಕದೇವ ‘ಕರ್ನಾಟಕ ಶಬ್ದಾನುಶಾಸನ’ವನ್ನು ೫೯೨ ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿದ. ೧೮೭೨ರಲ್ಲಿ ಜರ್ಮನಿಯಿಂದ ಬಂದ ಕಿಟೆಲ್ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಕೇಶಿರಾಜನನ್ನು ಅಚ್ಚು ಹಾಕಿಸಿದ. ಇವರಿಗೂ ಹಿಂದೆ ಪಾಣಿನಿ ಸುಮಾರು ನಾಲ್ಕು ಸಾವಿರ ಸೂತ್ರ ಕಟ್ಟಿದ್ದ. ಎರಡು ನಿಯಮಗಳು ಒಂದೇ ಕಡೆ ಬಂದು ಜಗಳಕ್ಕೆ ನಿಂತರೆ ಯಾವುದು ಗೆಲ್ಲಬೇಕು ಎಂಬುದಕ್ಕೂ ಅವನಲ್ಲಿ ನಿಯಮ ಇತ್ತು.

ಕಂಪ್ಯೂಟರನ್ನು ನಮ್ಮ ಹಿರಿಯರೇ ಕಂಡುಹಿಡಿದಿದ್ದರು ಎಂದು ನಾನು ಜಂಬ ಕೊಚ್ಚುತ್ತಿಲ್ಲ. ಅಂಥ ಮಾತಿಗೆ ಚಪ್ಪಾಳೆ ಬರುತ್ತದೆ, ಕೆಲಸ ಆಗುವುದಿಲ್ಲ. ನಾನು ಹೇಳುವುದು ಇಷ್ಟೇ: ಆಕಾರ ನೋಡಿ ನಿಯಮ ಹಚ್ಚುವ ಅಭ್ಯಾಸ ಕನ್ನಡದಲ್ಲಿ ಹಳೆಯದು, ಬರಹದಲ್ಲಿ ಇದೆ. ‘ಕನ್ನಡದಲ್ಲಿ ತರ್ಕ ಹೇಳಲಾಗದು, ಪ್ರೋಗ್ರಾಮಿಗೆ ಇಂಗ್ಲಿಷೇ ಗತಿ’ ಎನ್ನುವವರ ಮಾತಿಗೆ ತಲೆಯಾಡಿಸಬೇಡಿ. ಪೈಥಾನ್ ೨೦೦೮ರ ಮೂರನೆಯ ಆವೃತ್ತಿಯಿಂದ ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ಯಂತ್ರ ಒಪ್ಪಿದೆ. ಒಪ್ಪದಿರುವುದು ನಮ್ಮ ಕೀಳರಿಮೆ!

‘ಇತರೆ’ ಎಂಬ ಕಸದ ಬುಟ್ಟಿ

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಈ ಭಾಷೆಗಳಲ್ಲಿ ಹಲವಕ್ಕೆ ಒಂದು ದೊಡ್ಡ ಗುಣ ಇದೆ. ಯಾವುದಾದರೂ ಪ್ರಸಂಗಕ್ಕೆ ಸಾಲು ಬರೆಯುವುದನ್ನು ನೀವು ಮರೆತರೆ ಕಂಪೈಲರ್ ಎಚ್ಚರಿಸುತ್ತದೆ. ‘ಅಯ್ಯಾ, ಇದು ಬಂದರೆ ಏನು ಮಾಡಲಿ? ಉತ್ತರವೇ ಇಲ್ಲವಲ್ಲ’ ಎನ್ನುತ್ತದೆ. ಓಕ್ಯಾಮಲ್ ಬಿಟ್ಟುಹೋದ ಪ್ರಸಂಗದ ಉದಾಹರಣೆಯನ್ನೂ ಕೊಡುತ್ತದೆ. ರಸ್ಟ್ ಅಂತೂ ಮುಂದಕ್ಕೇ ಬಿಡುವುದಿಲ್ಲ. ಆದರೆ ಸೋಮಾರಿಗೆ ಒಂದು ಕಳ್ಳದಾರಿ ಇದೆ. ಕೊನೆಗೆ ‘ಬೇರೆ ಏನೇ ಬಂದರೂ’ ಎಂದು ಒಂದು ಸಾಲು ಹಾಕಿದರೆ ಮುಗಿಯಿತು. ಯಂತ್ರ ಸುಮ್ಮನಾಗುತ್ತದೆ. ನಾಳೆ ಹೊಸ ಪ್ರಸಂಗ ಬಂದರೂ ಅದು ಸದ್ದಿಲ್ಲದೆ ಆ ಬುಟ್ಟಿಗೆ ಬೀಳುತ್ತದೆ.

ಕನ್ನಡ ಎಷ್ಟು ಕಡೆ ಆ ಬುಟ್ಟಿಯಲ್ಲಿ ಬಿದ್ದಿದೆ, ಯೋಚಿಸಿ. ಅರ್ಜಿ ತೆರೆಯುತ್ತೀರಿ. ಭಾಷೆ: ಇಂಗ್ಲಿಷ್, ಹಿಂದಿ, ಇತರೆ. ಆ ‘ಇತರೆ’ ಯಾರು? ನಾವು! ನಮ್ಮ ನೆಲದಲ್ಲಿ, ನಮ್ಮ ದುಡ್ಡಿನಲ್ಲಿ ನಡೆಯುವ ಸೇವೆಯಲ್ಲಿ ನಾವು ಇತರೆ! ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನೇ ನೋಡಿ. ಇಂಗ್ಲಿಷ್, ಹಿಂದಿ ಎರಡೇ ಇದ್ದವು. ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತೇವೆ ಎಂದು ಕೇಂದ್ರ ಹಣಕಾಸು ಸಚಿವರು ಘೋಷಿಸಿದ್ದು ೨೦೧೯ರ ಜುಲೈನಲ್ಲಿ. ಒಂದು ಸಾಲು ಸೇರಿಸಲು ಅಷ್ಟು ವರ್ಷ ಕೂಗಬೇಕಾಯಿತು.

ಫಲಕದ ಮೇಲಿನ ಹಿಂದಿ ಕಣ್ಣಿಗೆ ಕಾಣುತ್ತದೆ. ೨೦೧೭ರಲ್ಲಿ ನಮ್ಮ ಮೆಟ್ರೊ ಫಲಕಗಳ ವಿರುದ್ಧ ಬೆಂಗಳೂರಿನ ಯುವಕರು ದನಿ ಎತ್ತಿದರು, ಹಿಂದಿ ಅಕ್ಷರ ಮರೆಯಾದವು. ಆದರೆ ಪ್ರೋಗ್ರಾಮಿನ ಒಳಗೆ ಇರುವ ‘ಇತರೆ’ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಮಸಿ ಬಳಿಯಲಾಗದು. ಅದನ್ನು ಕಾಣಬಲ್ಲವರು, ತಿದ್ದಬಲ್ಲವರು ನೀವು ಮಾತ್ರ.

ಇದು ಬರೀ ಅಭಿಮಾನದ ಮಾತಲ್ಲ, ಹೊಟ್ಟೆಪಾಡಿನ ಮಾತು. ಈ ಭಾಗದ ರೈತರೊಬ್ಬರು ನನ್ನ ಪ್ರೆಸ್ಸಿಗೆ ಬಂದರು. ಹೆಸರು ಬದಲಿಸಿ ಹೇಳುತ್ತೇನೆ, ಧರ್ಮಪ್ಪ ಎಂದುಕೊಳ್ಳಿ. ಒಂದು ಕಚೇರಿ ಹಳೆಯ ಪಟ್ಟಿಯನ್ನು ಹೊಸ ಅಕ್ಷರಕ್ಕೆ ತಿರುಗಿಸಿತ್ತು. ಅವರು ‘ಧಮರ್ಪ್ಪ’ ಆಗಿದ್ದರು. ಪಟ್ಟಿಯ ಹೆಸರು ಬೇರೆ, ಗುರುತಿನ ಚೀಟಿಯ ಹೆಸರು ಬೇರೆ ಎಂದು ಅವರನ್ನು ವಾಪಸು ಕಳಿಸಿದ್ದರು. ಅಫಿಡವಿಟ್ಟು, ಬಸ್ ಚಾರ್ಜು, ಎರಡು ದಿನದ ಕೂಲಿ ಹೋಯಿತು. ತಾನು ತಾನೇ ಎಂದು ಆ ಮನುಷ್ಯ ಪ್ರಮಾಣ ಮಾಡಬೇಕಾಯಿತು, ಒಂದು ಅರ್ಕಾವತ್ತು ಸ್ಥಳ ತಪ್ಪಿದ್ದಕ್ಕೆ!

ಮಾಡಬೇಕಾದದ್ದು ಮೂರು

ನಮ್ಮ ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ೨೦೦೭ರ ಏಪ್ರಿಲ್ ೫ರಂದು ತೀರಿಕೊಂಡರು. ಕಾದಂಬರಿ ಬರೆದರೆ ಸಾಲದು, ಕಂಪ್ಯೂಟರಿನಲ್ಲಿ ಕನ್ನಡ ನಿಲ್ಲದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲ ಎಂದು ಅವರು ಕೊನೆಯ ವರ್ಷಗಳಲ್ಲಿ ಅದಕ್ಕಾಗಿ ತಲೆ ಕೆಡಿಸಿಕೊಂಡಿದ್ದರು. ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಕೀಲಿಮಣೆಗೆ ದಾರಿ ಹಾಕಿದರು. ಶೇಷಾದ್ರಿವಾಸು ೧೯೯೮ರಲ್ಲಿ ‘ಬರಹ’ ಕೊಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಅವರೆಲ್ಲ ಕಲ್ಲು ಹೊತ್ತು ಗೋಡೆ ಎಬ್ಬಿಸಿದರು. ಛಾವಣಿ ನಮ್ಮ ಪಾಲಿಗೆ ಬಿಟ್ಟಿದ್ದಾರೆ.

ಮೊದಲನೆಯದು: ಹಳೆಯ ಕಡತಗಳನ್ನು ಉಳಿಸಿ. ಊರೂರಿನ ಪ್ರೆಸ್ಸುಗಳ ಡಿಸ್ಕುಗಳಲ್ಲಿ ಶಾಲೆಯ ಸ್ಮರಣ ಸಂಚಿಕೆ, ದೇವಸ್ಥಾನದ ಚರಿತ್ರೆ, ಸಹಕಾರ ಸಂಘದ ವರದಿ, ಜಿಲ್ಲಾ ಪತ್ರಿಕೆಗಳು ಆಸ್ಕಿಯಲ್ಲಿ ಕೊಳೆಯುತ್ತಿವೆ. ಅದರಲ್ಲಿ ಏನನ್ನಾದರೂ ಹುಡುಕಿದರೆ ಸಿಗುವುದಿಲ್ಲ, ಒಳಗೆ ಇರುವುದು ಕನ್ನಡವೇ ಅಲ್ಲವಲ್ಲ! ನಿಮ್ಮ ಊರಿನ ಪ್ರೆಸ್ಸಿಗೆ ಹೋಗಿ, ಕಡತ ಕೇಳಿ, ಪರಿವರ್ತಿಸಿ. ಪರಿವರ್ತಕಗಳು ಇವೆ, ತಪ್ಪು ಕಂಡಲ್ಲಿ ನಿಯಮ ತಿದ್ದಿ. ಅರ್ಘ್ಯ, ಮಳೆ, ಯಜಮಾನ, ಕರ್ನಾಟಕ ಈ ನಾಲ್ಕು ಮಾತು ಹಾಕಿ ಪರೀಕ್ಷಿಸಿ. ನಾಲ್ಕೂ ನೆಟ್ಟಗೆ ಬಂದರೆ ಕೆಲಸ ಅರ್ಧ ಗೆದ್ದಂತೆ.

ಎರಡನೆಯದು: ನೀವು ಬರೆಯುವ ಪ್ರೋಗ್ರಾಮಿನಲ್ಲಿ ಭಾಷೆಯ ಆಯ್ಕೆ ಬಂದಾಗ ಕನ್ನಡಕ್ಕೆ ಅದರದೇ ಸಾಲು ಬರೆಯಿರಿ. ‘ಇತರೆ’ ಎಂದು ಬರೆಯುವ ಮುನ್ನ ನಿಮ್ಮ ತಾಯಿಯ ಮುಖ ನೆನೆಯಿರಿ. ಮೇಲಧಿಕಾರಿ ಕೇಳಿದರೆ ಹೇಳಿ, ಎಲ್ಲ ಪ್ರಸಂಗಕ್ಕೂ ಉತ್ತರ ಬರೆಯುವುದೇ ಒಳ್ಳೆಯ ಪ್ರೋಗ್ರಾಮು ಎಂದು. ಅದು ನಿಜವೂ ಹೌದು.

ಮೂರನೆಯದು: ಕನ್ನಡ ವ್ಯಾಕರಣವನ್ನು ಮತ್ತೆ ಕೈಗೆತ್ತಿಕೊಳ್ಳಿ. ಪರೀಕ್ಷೆಗಲ್ಲ. ಅದರಲ್ಲಿ ನಿಮ್ಮ ಕಸುಬಿನ ಸರಕು ಇದೆ. ಕಾಗುಣಿತ ತಿದ್ದುವ ತಂತ್ರಾಂಶ, ಪದ ಬಿಡಿಸುವ ತಂತ್ರಾಂಶ, ಓದಿ ಹೇಳುವ ಯಂತ್ರ ಎಲ್ಲಕ್ಕೂ ಆ ‘ಇದು ಬಂದರೆ ಅದು’ ಬೇಕು. ಅದನ್ನು ಪರಭಾಷೆಯ ಕಂಪನಿ ಬರೆದರೆ ತನ್ನ ಅನುಕೂಲಕ್ಕೆ ಬರೆಯುತ್ತದೆ. ನೀವು ಬರೆದರೆ ಕಾಫಿತೋಟ ಕಾಫಿತೋಟವಾಗಿಯೇ ಉಳಿಯುತ್ತದೆ.

೧೯೮೨ರ ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಬೀದಿಗೆ ಇಳಿದರು. ಅಂದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದರು. ಇಂದು ಯಂತ್ರದ ಒಳಗೆ ಅದೇ ಮೊದಲ ಸ್ಥಾನ ಬೇಕಾಗಿದೆ. ಅದಕ್ಕೆ ಬೀದಿಯಲ್ಲಿ ನಿಂತು ಕೂಗುವವರೂ ಬೇಕು, ಕೂತು ಸಾಲು ಬರೆಯುವವರೂ ಬೇಕು. ಮೊದಲನೆಯವರು ನಮ್ಮಲ್ಲಿ ಸಾಕಷ್ಟು ಇದ್ದಾರೆ. ಎರಡನೆಯವರು ನೀವಾಗಿ.

ಸಿರಿಗನ್ನಡಂ ಗೆಲ್ಗೆ!